ನಂಬಿಕೆಗೆ ಹಾಕಿದ ಅಂಕ

ಬೀದರಿನ ಗಾಂಧಿ ಗಂಜಿನ ಹಿಂದಿನ ಓಣಿಯ ಮಾಳಿಗೆಯೊಂದರಲ್ಲಿ ಆಪ್ತಸಮಾಲೋಚಕರಿಗೆ ತರಬೇತಿ ನಡೆಯುತ್ತಿತ್ತು. ಯೋಚನೆಯನ್ನು ಪರೀಕ್ಷಿಸಿ ತಿದ್ದಿಕೊಂಡರೆ ನೋವೂ ತಗ್ಗುತ್ತದೆಂಬ ಚಿಕಿತ್ಸೆ ಅದು, ಸಿಬಿಟಿ ಎನ್ನುತ್ತಾರೆ. ಕಲಿಸಲು ಬಂದಿದ್ದ ವೈದ್ಯರಿಗೆ ನಮ್ಮ ಕಡೆಯ ಮಾತು ತಿಳಿಯದು. ಆದ್ದರಿಂದ ಚಿಕಿತ್ಸೆಯ ಧ್ವನಿಮುದ್ರಣಗಳನ್ನು ಕೇಳಿ, ಅವರಿಗೆ ತಿಳಿಯುವಂತೆ ಬರೆದುಕೊಡಲು ನನ್ನನ್ನು ಕರೆದಿದ್ದರು. ಶಾಲೆಯನ್ನು ಅರ್ಧಕ್ಕೆ ಬಿಟ್ಟು, ಸಿಕ್ಕಿದ್ದನ್ನೆಲ್ಲ ಓದಿ ಬೆಳೆದವನು ನಾನು. ಓದಿದ್ದನ್ನು ಹಾಗೆಯೇ ನಂಬುವ ಗುಣ ಮಾತ್ರ ಬರಲಿಲ್ಲ.

ಅಭ್ಯಾಸಕ್ಕಾಗಿ ರೋಗಿಯ ಪಾತ್ರವನ್ನೂ ನನಗೇ ವಹಿಸುತ್ತಿದ್ದರು. ಔರಾದಿನಿಂದ ತರಬೇತಿಗೆ ಬರುತ್ತಿದ್ದ ತರುಣಿಯೊಬ್ಬಳು ನನ್ನೊಂದಿಗೆ ಸೆಣಸಿ ಸೋತಳು.

"ಕಾಕಾ, ಒಂದಕ್ಕಾದ್ರೂ ಹೂಂ ಅನ್ರಿ!"

"ಕೇಳಿದವ್ರಿಗೆಲ್ಲಾ ಹೂಂ ಅಂದಿದ್ರ ನಾ ಇಷ್ಟೊತ್ತಿಗಿ ಪುಢಾರಿ ಆಗಿರ್ತಿದ್ನವ್ವ."

ಪರೀಕ್ಷೆಗಾಗಿ ಆಕೆ ಭಾಲ್ಕಿಯ ಆಸ್ಪತ್ರೆಯಲ್ಲಿ ನಿಜವಾದ ರೋಗಿಯೊಬ್ಬರಿಗೆ ಚಿಕಿತ್ಸೆ ನೀಡಿ, ಅವರ ಒಪ್ಪಿಗೆಯೊಂದಿಗೆ ಧ್ವನಿಮುದ್ರಿಸಿ ತರಬೇಕಿತ್ತು. ಬಂದವಳು ಖಟಕ ಚಿಂಚೋಳಿಯ ಒಬ್ಬ ತಾಯಿ. ಅವಳು ತುತ್ತು ತಿನ್ನಿಸಿದ ದಿನವೇ ಅವಳ ಕೂಸು ಜ್ವರದಿಂದ ತೀರಿಕೊಂಡಿತ್ತು. ತನ್ನ ಕೈಯೇ ಕೆಟ್ಟದ್ದೆಂದು ನಂಬಿದ ಅವಳು ಅಂದಿನಿಂದ ಉಳಿದೊಬ್ಬ ಮಗಳಿಗೆ ರೊಟ್ಟಿ ಬಡಿದು ಕೊಟ್ಟಿರಲಿಲ್ಲ. ಹುಡುಗಿ ಪಕ್ಕದ ಮನೆಯ ಚಿಕ್ಕಮ್ಮನ ಬಳಿ ಉಣ್ಣುತ್ತಿತ್ತು.

ನಂಬಿಕೆ ಎಷ್ಟು ಬಲವಾಗಿದೆಯೆಂದು ರೋಗಿಯಿಂದಲೇ ನೂರಕ್ಕೆ ಅಂಕ ಹಾಕಿಸುವುದು ಈ ಚಿಕಿತ್ಸೆಯ ಕ್ರಮ. ಮೊದಲ ಭೇಟಿಯಲ್ಲಿ ಆ ತಾಯಿ ನೂರು ಎಂದಿದ್ದಳು. ಕೊನೆಯ ಭೇಟಿಯಲ್ಲಿ ಹತ್ತು. ಮಗಳಿಗೆ ಉಣಿಸಿದೆನೆಂದೂ ಹೇಳಿದ್ದಳು. ಮಾಳಿಗೆಯಲ್ಲಿ ಚಪ್ಪಾಳೆ ಬಿತ್ತು. ಮುಂದಿನ ತಂಡಕ್ಕೆ ಇದೇ ಮಾದರಿ ಎಂದರು ವೈದ್ಯರು.

ಆ ಮುದ್ರಣವನ್ನು ಬರೆದಿಳಿಸಿದ ನಾನು, ಪ್ರಶ್ನೆ ಮುಗಿಯುವ ಮೊದಲೇ ಅವಳ "ಹೌದ್ರಿ" ಬೀಳುತ್ತಿದ್ದುದನ್ನು ಕೇಳಿದ್ದೆ. ನಮ್ಮಲ್ಲಿ ಆ ಮಾತನ್ನು ಒಪ್ಪಿಗೆಗಿಂತ ಹೆಚ್ಚಾಗಿ ಎದುರಿಗಿದ್ದವರ ಮರ್ಯಾದೆಗೆಂದು ಆಡುತ್ತೇವೆ. ಇದನ್ನು ವೈದ್ಯರಿಗೆ ಹೇಳಿದೆ. "ಅಂಕ ಇಳಿದಿದೆಯಲ್ಲ" ಎಂದರು. ತರುಣಿಗೆ ನನ್ನ ಮೇಲೆ ಸಿಟ್ಟು ಬಂತು. ಆದರೂ ಅನುಮಾನ ಅವಳಿಗೂ ಹತ್ತಿತ್ತು. ಆ ತಾಯಿಯನ್ನು ಕೇಳಿ, ಒಪ್ಪಿಸಿ, ಭಾಲ್ಕಿಯಿಂದ ಬಸ್ಸಿನಲ್ಲಿ ಅವಳ ಮನೆಗೆ ನನ್ನನ್ನೂ ಕರೆದೊಯ್ದಳು.

ಚಾಪೆ ಹಾಸುತ್ತಲೇ ತಾಯಿ ಕೇಳಿದಳು: "ಪಾಸ್ ಆದ್ರೇನ್ರಿ ಮೇಡಂ?"

"ಆದೆ ಅಕ್ಕಾ. ನೀವು ಹ್ಯಾಂಗಿದ್ದೀರಿ?"

"ನಂದೇನ್ರಿ, ಇದ್ದಂಗೇ ಅದ. ಇದು ನಮ್ಮ ಪರೀಕ್ಷಿ, ಮ್ಯಾಲಿನವ್ರು ಕೇಳ್ತಾರ ಅಂದಿದ್ರಿ. ನಾ ನೂರಕ್ಕೇ ಕುಂತ್ರ ನಿಮಗ ಬೈತಾರಂತ ಕಡಿಮಿ ಮಾಡ್ಕೋತ ಬಂದೆ."

"ಮಗಳಿಗಿ ಉಣಿಸೀನಿ ಅಂದಿದ್ರಿ?"

"ಅದು ಸುಳ್ಳ್ರಿ. ತಪ್ಪಾಯ್ತೇನ್ರಿ?"

ಇದು ಪರೀಕ್ಷೆಯೆಂದು ತರುಣಿ ಅಂದು ಹೇಳಿದ್ದು ಸುಳ್ಳಲ್ಲ. ಮುದ್ರಣಕ್ಕೆ ಒಪ್ಪಿಗೆ ಕೇಳುವಾಗ ಕಾರಣವನ್ನು ಮುಚ್ಚಿಡಬಾರದೆಂದು ಕಲಿಸಿದ್ದರು. ಆಕೆ ಮುಚ್ಚಿಡಲಿಲ್ಲ, ಅಷ್ಟೆ.

"ಈಗ ಪರೀಕ್ಷಿ ಇಲ್ಲಕ್ಕಾ. ಮತ್ತ ಬರ್ರಿ, ಹೊಸದಾಗಿ ಸುರು ಮಾಡೂಣು" ಎಂದಳು.

"ಬರ್ತೇನ್ರಿ" ಎಂದಳು ತಾಯಿ, ನೆಲ ನೋಡುತ್ತ.

ಅಷ್ಟರಲ್ಲಿ ಮಗಳು ಶಾಲೆಯಿಂದ ಬಂತು. ಚೀಲವನ್ನು ಗೋಡೆಗೊರಗಿಸಿ, ತಾಯಿಯನ್ನು ಏನೂ ಕೇಳದೆ ಚಿಕ್ಕಮ್ಮನ ಮನೆಗೆ ಉಣ್ಣಲು ಹೋಯಿತು. ಆ ಬಾಗಿಲ ಕಡೆ ತಾಯಿ ಕಣ್ಣೆತ್ತಲಿಲ್ಲ.

ಅವಳು ಭಾಲ್ಕಿಗೆ ಬರಲೇ ಇಲ್ಲ. ನಡೆದುದನ್ನೆಲ್ಲ ವೈದ್ಯರಿಗೆ ಬರೆದು ಕಳಿಸಿದೆ, ಉತ್ತರ ಬರಲಿಲ್ಲ. ಮಾಳಿಗೆಯಲ್ಲಿ ಹೊಸ ತಂಡ ಆ ಮುದ್ರಣವನ್ನು ಕೇಳಿ ಕಲಿಯುತ್ತಿದೆ. ತರುಣಿಗೆ ಈಗ ಔರಾದಿನಲ್ಲೇ ಕೆಲಸ. ಮೊನ್ನೆ ಫೋನು ಮಾಡಿದ್ದಳು.

"ಬಂದವ್ರೆಲ್ಲಾ ಆರಾಮ ಆಗೀವ್ರಿ ಅಂತಾರ ಕಾಕಾ. ಯಾರದು ಖರೇ, ಯಾರದು ನನ್ನ ಸಲುವಾಗಿ, ಒಂದೂ ತಿಳಿವಲ್ದು."

ನನಗೂ ತಿಳಿಯದೆಂದೆ.