ಬಂದೂಕಿನ ಕಿಂಡಿ

ಕಲ್ಲುಮನೆ ಅಕ್ಕನ ಬಗ್ಗೆ ಊರಲ್ಲಿ ಒಂದು ತಪ್ಪು ತಿಳಿವಳಿಕೆ ಇತ್ತು. ಇದನ್ನು ಬರೆಯುತ್ತಿರುವವನೂ ಅದರಲ್ಲಿ ಪಾಲುದಾರ. ಬೆಳಗ್ಗೆ ಒಲೆ ಹೊತ್ತಿಸಿದ ಮೇಲೆ ಆಕೆ ಅಡಿಗೆಮನೆಯ ಹಿಂಗೋಡೆಗೆ ಅಂಗೈ ಒತ್ತಿ, ಕಣ್ಣು ಮುಚ್ಚಿ, ಸ್ವಲ್ಪ ಹೊತ್ತು ನಿಲ್ಲುತ್ತಿದ್ದಳು. ನೋಡಿದವರು ಅಲ್ಲೇ ಕೈಮುಗಿಯುತ್ತಿದ್ದರು. ಗಂಡನ ಮನೆಯ ಕಲ್ಲಿನ ಮೇಲೂ ಇಷ್ಟು ಪ್ರೀತಿ ಇರುವ ಹೆಂಗಸು ಈ ಕಾಲದಲ್ಲಿ ಎಲ್ಲಿ ಸಿಗುತ್ತಾಳೆ ಎಂದು ಹೇಳಿಕೊಳ್ಳುತ್ತಾ ಮನೆಗೆ ಹೋಗಿ, ತಮ್ಮ ಹೆಂಡತಿಯರಿಗೂ ಅದನ್ನೇ ಹೇಳಿ ಬೈಸಿಕೊಳ್ಳುತ್ತಿದ್ದರು.

ಆಕೆ ಕಣ್ಣು ಮುಚ್ಚುತ್ತಿದ್ದದ್ದು ಹೊಗೆಗೆ. ಅಂಗೈ ಒತ್ತುತ್ತಿದ್ದದ್ದು, ಆ ಗೋಡೆಯನ್ನು ಎಲ್ಲಿ ಒಡೆಯಬಹುದು ಎಂದು ನೋಡುವುದಕ್ಕೆ.

ಮನೆಯೇನೋ ಗಟ್ಟಿಮುಟ್ಟಾದದ್ದು. ಗೋಡೆ ಎಂದರೆ ಒಳಮೈಗೊಂದು ಕಲ್ಲಿನ ಸಾಲು, ಹೊರಮೈಗೊಂದು, ನಡುವೆ ಚೂರುಗಲ್ಲು ತುಂಬಿ ಬಡಿದದ್ದು. ಎತ್ತಿನ ಕೊಟ್ಟಿಗೆ, ಕಾಳಿನ ಅಟ್ಟ, ಮನುಷ್ಯರು, ಎಲ್ಲ ಒಂದೇ ಸೂರಿನ ಕೆಳಗೆ. ಬಾಗಿಲು ತಗ್ಗು, ಒಳಗೆ ಬರುವವರು ತಲೆ ತಗ್ಗಿಸಬೇಕು, ಇಲ್ಲವೇ ಹಣೆ ಸವರಿಕೊಳ್ಳುತ್ತಾ ಬರಬೇಕು. ಕಟ್ಟಿದವರು ಎತ್ತಿಗೆ ಗಾಳಿಗಿಂಡಿ ಬಿಟ್ಟಿದ್ದರು, ಕಾಳಿಗೆ ಬಿಟ್ಟಿದ್ದರು. ಅಡಿಗೆ ಮಾಡುವವಳಿಗೆ ಬಿಡುವುದು ಮರೆತೇಹೋಯಿತು ಎಂದು ಅಕ್ಕ ತಿಳಿದಿದ್ದಳು. ಹೊಗೆಗೂಡೊಂದಿತ್ತು. ಮನಸ್ಸು ಬಂದ ದಿನ ಹೊಗೆ ಅದರಲ್ಲಿ ಹೋಗುತ್ತಿತ್ತು.

ಮನೆಯ ಇತಿಹಾಸ ಮಾತ್ರ ಯಜಮಾನರ, ಅಂದರೆ ಆಕೆಯ ಗಂಡನ, ಖಾತೆ. ಯಾರೇ ಬರಲಿ, ಹಾಲಿನವನೇ ಬರಲಿ, ಅಟ್ಟದಿಂದ ಕೊಟ್ಟಿಗೆಯವರೆಗೆ ತೋರಿಸಿಯೇ ಕಳಿಸುತ್ತಿದ್ದರು. ಈ ಮನೆಗೆ ಎಲ್ಲ ಮನೆಗಳ ಹಾಗೆ ವರ್ಷಕ್ಕೊಂದೇ ವರ್ಷ ವಯಸ್ಸಾಗುತ್ತಿರಲಿಲ್ಲ; ಕೇಳುವವರು ಚೆನ್ನಾಗಿ ತಲೆಯಾಡಿಸಿದರೆ ಒಂದೇ ಮಧ್ಯಾಹ್ನ ನೂರು ವರ್ಷ ಹಳೆಯದಾಗುತ್ತಿತ್ತು.

ಅಂಥವರನ್ನು ಅಕ್ಕ ಮದುವೆಯಾದ ಹೊಸತರಲ್ಲೇ ಕೇಳಿದ್ದಳು. "ಅಡಿಗೆಮನೆಗೊಂದು ಕಿಟಕಿ ಇಡಿಸಿ."

"ಈ ಗೋಡೆ ಮುಟ್ಟೋಕೆ ಡಕಾಯಿತರೇ ಹೆದರಿದ್ರು!"

"ಡಕಾಯಿತರು ಅಡಿಗೆ ಮಾಡ್ತಿದ್ರಾ?"

ಮಾತು ಅಲ್ಲಿಗೆ ನಿಂತಿತು, ಕೆಮ್ಮು ನಿಲ್ಲಲಿಲ್ಲ. ಹೋದ ಚಳಿಗಾಲ ವೈದ್ಯರು ಎದೆಗೆ ಕೊಳವೆ ಇಟ್ಟು ಕೇಳಿ, "ಅಕ್ಕಾ, ಇನ್ನೊಂದು ಚಳಿಗಾಲ ಆ ಹೊಗೆಯಲ್ಲಿ ಕೂತ್ರೆ, ನೀವು ಇಲ್ಲಿಗೆ ಬರೋ ಹಾಗಿರಲ್ಲ, ನಾನೇ ಅಲ್ಲಿಗೆ ಬರ್ಬೇಕಾಗುತ್ತೆ" ಎಂದರು. ಅಂದಿನಿಂದ ಅಕ್ಕ ಗೋಡೆಯನ್ನು ಬೇರೆ ಕಣ್ಣಿನಿಂದ ನೋಡತೊಡಗಿದಳು.

ಒಲೆ ಉರಿದಾಗ ಗೋಡೆಯೆಲ್ಲ ಬೆಚ್ಚಗಾಗುತ್ತಿತ್ತು. ಆದರೆ ಮಸಿ ಹಿಡಿದ ಒಂದು ಚೌಕ ಮಾತ್ರ ತಣ್ಣಗೇ ಇರುತ್ತಿತ್ತು. ಅಲ್ಲಿ ಗೋಡೆ ತೆಳ್ಳಗಿದೆ ಎಂದು ಅಂಗೈಗೆ ಗೊತ್ತಾಯಿತು. ಸವೆದ ಸೌಟಿನ ಹಿಡಿಯಿಂದ ಆಕೆ ಅಲ್ಲಿನ ಗಾರೆ ಕೆರೆಯಲು ಶುರುಮಾಡಿದಳು. ಒಲೆಯ ಮೇಲೆ ನೀರು ಕಾಯುವವರೆಗೆ ಕೆರೆಯುವುದು, ಉದುರಿದ ಪುಡಿಯನ್ನು ಬೂದಿಯ ಜತೆ ಹೊರಗೆ ಚೆಲ್ಲುವುದು. ಕೆಲವು ತಿಂಗಳಲ್ಲಿ ಎರಡು ಕಲ್ಲುಗಳ ನಡುವೆ ಬೆರಳು ತೂರುವಷ್ಟು ಕಿಂಡಿಯಾಗಿ ಬೆಳಕು ಕಂಡಿತು. ಕಂಡ ದಿನವೇ ಯಜಮಾನರ ಕಣ್ಣಿಗೂ ಬಿತ್ತು.

ಅಕ್ಕ ಸೌಟನ್ನು ಸೆರಗಿನಲ್ಲಿ ಮುಚ್ಚಿಕೊಂಡು ಬೈಗುಳಕ್ಕೆ ಸಿದ್ಧಳಾದಳು. ಯಜಮಾನರು ಕಿಂಡಿಗೆ ಕಣ್ಣಿಟ್ಟರು. ಹಿಂದೆ ಸರಿದರು. ಮತ್ತೆ ಇಟ್ಟರು.

"ಲೇ... ಇದು ಬಂದೂಕಿನ ಕಿಂಡಿ ಕಣೇ!"

ಅಕ್ಕ ಅಲ್ಲ ಎನ್ನಲಿಲ್ಲ, ಹೌದೆಂದೂ ಅನ್ನಲಿಲ್ಲ. "ನೋಡಿದವರಿಗೆ ಗೊತ್ತು" ಎಂದಳು.

ಅಲ್ಲಿಂದ ಆಕೆಗೆ ಕೆಲಸ ಹಗುರವಾಯಿತು. ಬಂದ ನೆಂಟರಿಗೆಲ್ಲ ಯಜಮಾನರು, "ಬೆರಳು ಹಾಕಿ ನೋಡಿ, ನಳಿಗೆ ಉಜ್ಜಿ ಉಜ್ಜಿ ಎಷ್ಟು ನುಣ್ಣಗಾಗಿದೆ!" ಎನ್ನುತ್ತಿದ್ದರು. ಭಾವ ಬೆರಳು ಹಾಕಿ ತಿರುಗಿಸಿದರು. ನಾದಿನಿಯ ಮಕ್ಕಳು ಬೆತ್ತ ಹಾಕಿ ಗುರಿ ಹಿಡಿದರು. ಒಬ್ಬೊಬ್ಬರು ಹೋದ ಮೇಲೂ ಒಂದೊಂದು ಹಿಡಿ ಗಾರೆ ನೆಲದ ಮೇಲಿರುತ್ತಿತ್ತು. ಅಕ್ಕ ಗುಡಿಸುತ್ತಿದ್ದಳು, ಅಷ್ಟೇ. ತನ್ನ ಮನೆಯ ಗೋಡೆಗೆ ಒಂದು ಮೊಳೆ ಹೊಡೆಯಲು ಬಿಡದ ಮನುಷ್ಯ, ಊರಿನವರನ್ನೆಲ್ಲ ಕರೆದು ಅದನ್ನು ಕೆರೆಸುತ್ತಿದ್ದರು.

ಬಂದೂಕಿನ ಸುದ್ದಿ ಪಟ್ಟಣದ ಪುರಾತನ ಕಟ್ಟಡಗಳ ಸಂಘದ ಅಧ್ಯಕ್ಷರ ಕಿವಿಗೂ ಬಿತ್ತು. ಅವರು ಬೆಳ್ಳಿ ಹಿಡಿಯ ಊರುಗೋಲಿನೊಂದಿಗೆ ಬಂದರು, ಬಾಗಿಲಿಗೆ ಹಣೆ ಬಡಿಸಿಕೊಂಡರು, "ಅದ್ಭುತ" ಎಂದರು. ಮುಂದಿನ ವಾರವೇ ಹಿತ್ತಾಳೆಯ ಫಲಕ ತಂದು ಬಾಗಿಲ ಪಕ್ಕ ಹೊಡೆಸುವುದಾಗಿ ಮಾತು ಕೊಟ್ಟರು.

"ಒಂದೇ ಷರತ್ತು. ಫಲಕ ಹೊಡೆದ ಮೇಲೆ ಈ ಮನೆಯ ಒಂದು ಕಲ್ಲೂ ಅಲುಗಬಾರದು. ನಮ್ಮ ಸಂಘ ಇರೋವರೆಗೂ."

"ಪ್ರಾಣ ಬೇಕಾದ್ರೆ ಹೋಗ್ಲಿ, ಕಲ್ಲು ಅಲುಗಲ್ಲ" ಎಂದರು ಯಜಮಾನರು. ಯಾರ ಪ್ರಾಣ ಎಂದು ಹೇಳಲಿಲ್ಲ. ಬಾಗಿಲ ಮರೆಯಲ್ಲಿ ಅಕ್ಕ ಕೆಮ್ಮಿದಳು.

ಆ ಸಂಜೆ ಆಕೆ ಅತ್ತೆಯ ಕಾಲಿಗೆ ಎಣ್ಣೆ ಹಚ್ಚುತ್ತಾ ಎಲ್ಲ ಒಪ್ಪಿಸಿದಳು. ಕೆರೆದದ್ದು, ಮುಚ್ಚಿಟ್ಟದ್ದು, ಮುಂದಿನ ವಾರಕ್ಕೆ ಎಲ್ಲ ಮುಗಿಯುವುದು. ಹಾಸಿಗೆ ಬಿಟ್ಟು ಏಳದ ಅತ್ತೆಗೆ ಕಿವಿ ಚುರುಕು, ಬಾಯಿ ಇನ್ನೂ ಚುರುಕು.

"ಕಿಂಡಿಯೂ ಇಲ್ಲ, ಮಣ್ಣೂ ಇಲ್ಲ. ಅದು ಕಿಟಕಿನೇ ಕಣೇ. ನಿಮ್ಮ ಮಾವ ಮುಚ್ಚಿಸಿದ್ದು, ನಿನ್ನ ಗಂಡ ಇನ್ನೂ ತೊಟ್ಟಿಲಲ್ಲಿದ್ದಾಗ."

"ಡಕಾಯಿತರಿಗೆ ಹೆದರಿಯಾ?"

"ನಮ್ಮ ವಾರಗಿತ್ತಿಗೆ ಹೆದರಿ. ಹಿಂದಿನ ಮನೆಯಲ್ಲಿದ್ಲಲ್ಲ. ದಿನಾ ಊಟದ ಹೊತ್ತಿಗೆ ಆ ಕಿಟಕಿಯಲ್ಲಿ ಮುಖ ಇಟ್ಟು, 'ಇವತ್ತೂ ಅದೇನಾ?' ಅನ್ನೋಳು. ಒಂದಿನ ನಿಮ್ಮ ಮಾವ ತಟ್ಟೆ ತಳ್ಳಿ ಎದ್ದವರೇ ಮೇಸ್ತ್ರಿನ ಕರ್ಕೊಂಡು ಬಂದ್ರು. ಒಂದೇ ಸಾಲು ಕಲ್ಲಿಟ್ಟು ಮುಚ್ಚಿಸಿದ್ರು. ಮೇಲಿನ ಅಡ್ಡಗಲ್ಲು ಹಾಗೇ ಇದೆ, ಏನೂ ಬೀಳಲ್ಲ."

"ಇಷ್ಟು ದಿನ ಯಾಕೆ ಹೇಳ್ಲಿಲ್ಲ ಅತ್ತೆ?"

"ನೀನು ಕೇಳ್ಲಿಲ್ಲ. ಅವನಿಗೆ ಬಂದೂಕು ಬೇಕಿತ್ತು, ಆಡ್ಕೊಳ್ಳಲಿ ಅಂತ ಬಿಟ್ಟೆ."

ಫಲಕದ ದಿನ ಅಕ್ಕ ಎದ್ದವಳೇ ಹಿತ್ತಲಿನ ಕೋಳಿಗಳನ್ನು ಹಿಡಿದು ಕೊಟ್ಟಿಗೆಯಲ್ಲಿ ಕೂಡಿದಳು. ಯಾಕೆಂದು ಯಾರೂ ಕೇಳಲಿಲ್ಲ. ಆಮೇಲೆ ಒಲೆಗೆ ಹಸಿ ಸೌದೆ ಒಟ್ಟಿದಳು.

ಅಧ್ಯಕ್ಷರು ಸಂಘದವರ ಸಮೇತ ಬಂದು, ಹಣೆಯನ್ನು ಹಳೆಯ ಜಾಗದಲ್ಲೇ ಬಡಿಸಿಕೊಂಡು, ಅಡಿಗೆಮನೆಗೆ ನುಗ್ಗಿದರು. ಹೊಗೆಯಲ್ಲಿ ಎಲ್ಲರೂ ಇತಿಹಾಸಕ್ಕೆ ಕಣ್ಣೀರು ಹಾಕಿದರು. ಅಧ್ಯಕ್ಷರು ಊರುಗೋಲನ್ನು ಕಿಂಡಿಯಲ್ಲಿ ಇಟ್ಟು, ಒಂದು ಕಣ್ಣು ಮುಚ್ಚಿ, "ವೀರ ಹೀಗೆ ನಿಂತಿರ್ಬೇಕು..." ಎಂದು ಶುರುಮಾಡಿದರು.

"ಇನ್ನೂ ಸ್ವಲ್ಪ ಒಳಗೆ ಹಾಕಿ ಸ್ವಾಮಿ, ಅಲ್ಲಿಂದ ಗುರಿ ಸಿಗಲ್ಲ" ಎಂದಳು ಅಕ್ಕ.

ಅಧ್ಯಕ್ಷರು ಒಳಗೆ ಹಾಕಿದರು.

"ಭಾರ ಬಿಡಿ. ಬಂದೂಕು ಅಂದ್ರೆ ಹಗುರಾನಾ?"

ಅಧ್ಯಕ್ಷರು ಭಾರ ಬಿಟ್ಟರು. ಅವರಲ್ಲಿ ಅದು ಧಾರಾಳವಾಗಿತ್ತು. ಒಂದು ಕಲ್ಲು ಹಿತ್ತಲಿಗೆ ಬಿತ್ತು. ಅದರ ಹಿಂದೆ ಅದರ ನೆರೆಯದು, ಆಮೇಲೆ ಉಳಿದವೆಲ್ಲ ಸಾಲಾಗಿ, ಹೊರಗೋಡೆಗೆ ಹಬ್ಬಿದ ಬಳ್ಳಿಯನ್ನೂ ಎಳೆದುಕೊಂಡು ಬಿದ್ದವು. ಊರುಗೋಲೂ ಹೋಯಿತು. ಧೂಳು ಇಳಿದಾಗ ಗೋಡೆಯಲ್ಲಿ ಚೌಕನೆಯ ಕಿಟಕಿ ಇತ್ತು. ಮೇಲೆ ಅಡ್ಡಗಲ್ಲು, ಪಕ್ಕದಲ್ಲಿ ಕದ ತಿರುಗುವ ಕುಳಿ.

ಯಜಮಾನರು ಒಂದು ಸಲ ಕಿಟಕಿಯನ್ನು ನೋಡಿದರು, ಒಂದು ಸಲ ಹೆಂಡತಿಯನ್ನು. ಅಕ್ಕ ಒಲೆ ಊದುತ್ತಿದ್ದಳು.

"ಸರ್," ಎಂದ ಸಂಘದ ಕಾರ್ಯದರ್ಶಿ, "ಒಂದು ಕಲ್ಲೂ ಅಲುಗಬಾರದು ಅಂತ..."

"ಸುಮ್ನಿರಯ್ಯಾ. ಇದು ಅಲುಗಿದ್ದಲ್ಲ, ಶೋಧ" ಎಂದರು ಅಧ್ಯಕ್ಷರು ಧೂಳು ಕೊಡವಿಕೊಳ್ಳುತ್ತಾ. "ಮೂಲ ಕಿಟಕಿ! ಸಂಘ ಪತ್ತೆ ಹಚ್ಚಿದೆ. ಇದನ್ನ ಇನ್ನು ಯಾರೂ ಮುಚ್ಚೋ ಹಾಗಿಲ್ಲ."

ಬಾಗಿಲ ಪಕ್ಕ ಫಲಕ ಹೊಡೆದದ್ದಾಯಿತು. ಯಜಮಾನರು ಬಂದೂಕು ಹೋದ ದುಃಖದಲ್ಲಿ ಜಗುಲಿಯ ಮೇಲೆ ಕೂತಿದ್ದವರು, ಸ್ವಲ್ಪ ಹೊತ್ತಿಗೆ ಎದ್ದು ಕಾರ್ಯದರ್ಶಿಯ ತೋಳು ಹಿಡಿದರು. "ಅಗಲ ನೋಡಿದ್ರಾ? ಬಂದೂಕಿಗೆ ಇಷ್ಟು ಅಗಲ ಯಾಕೆ ಬೇಕು ಹೇಳಿ. ಅಲ್ಲಿ ಇಟ್ಟಿದ್ದು ಫಿರಂಗಿ."

ಒಳಗಿನ ಕೋಣೆಯಿಂದ ಅತ್ತೆಯ ನಗು ಕೇಳಿಸಿತು.

ಅಧ್ಯಕ್ಷರಿಗೆ ಇನ್ನೂ ತೃಪ್ತಿಯಾಗಿರಲಿಲ್ಲ. ಅವರು ಮತ್ತೆ ಅಡಿಗೆಮನೆಗೆ ಬಂದು, ಕಿಟಕಿಗೆ ಬೆನ್ನು ಕೊಟ್ಟು, ಎರಡೂ ಕೈ ಚಾಚಿ ನಿಂತರು.

"ಅಮ್ಮಾ, ಎಷ್ಟೋ ಕಾಲ ಮುಚ್ಚಿದ್ದ ಈ ಗೋಡೆ ಇವತ್ತು ಬಾಯಿ ಬಿಟ್ಟಿದೆ. ಅದು ನಿಮ್ಮ ಮನಸ್ಸಿಗೆ ಏನು ಹೇಳ್ತಾ ಇದೆ?"

ಅಕ್ಕ ಊದುಗೊಳವೆ ಕೆಳಗಿಟ್ಟಳು.

"ಪಕ್ಕಕ್ಕೆ ಸರೀರಿ. ಹೊಗೆಗೆ ಅಡ್ಡ ನಿಂತಿದ್ದೀರಿ."