ಫೋನಿನ ಮುಂದೆ ಗಂಜಿ

ಗುಬ್ಬಿಗೆ ಆ ಹೆಸರಿಟ್ಟವಳು ನನ್ನ ಅಮ್ಮ. ಈಗ ಆ ಹುಡುಗಿ ಬಾಗಿಲ ಚೌಕಟ್ಟಿಗೆ ತಲೆ ತಗಲುವಷ್ಟು ಎತ್ತರ ಬೆಳೆದಿದ್ದಾಳೆ, ಆದರೂ ಗುಬ್ಬಿಯೇ. ಅವಳ ತಾಯಿ, ನನ್ನ ಅಕ್ಕ, ತೀರಿಕೊಂಡಾಗ ಮಗುವಿಗೆ ಇನ್ನೂ ಹಾಲುಹಲ್ಲು. ಅಂದಿನಿಂದ ಅಜ್ಜಿ ಮುದ್ದು ಮಾಡಿದಳು, ಚಿಕ್ಕಮ್ಮನಾದ ನಾನು ಬೈದೆ. ಮನೆಯಲ್ಲಿ ಒಬ್ಬರಾದರೂ ಬೈಯಬೇಕಲ್ಲ!

ಕಟ್ಟಡ ವಿನ್ಯಾಸ ಓದುವ ಹುಡುಗಿ. ಒಂದು ಸೆಮಿಸ್ಟರ್ ಹೊರದೇಶದಲ್ಲಿ ಓದಿ ಬಾ ಅಂತ ಕಾಲೇಜಿನವರು ಆರಿಸಿದರೆ, ಇವಳು ಮುಖ ಇಳಿಬಿಟ್ಟುಕೊಂಡು ಮನೆಗೆ ಬಂದಳು.

"ಅಜ್ಜಿಗೆ ಊಟ ಯಾರು ಮಾಡಿಸ್ತಾರೆ?"

"ನಾನೇನು ಸತ್ತು ಹೋಗಿದ್ದೀನಾ?" ಎಂದು ರೇಗಿ, ನಾನೇ ವಿಮಾನ ಹತ್ತಿಸಿ ಬಂದೆ.

ಅಮ್ಮನಿಗೆ ಲಕ್ವ ಹೊಡೆದು ಬಲಗೈ ಬಿದ್ದುಹೋಗಿತ್ತು. ಮಾತು ತೊದಲುತ್ತಿತ್ತು, ಹಠಕ್ಕೆ ಮಾತ್ರ ಏನೂ ಆಗಿರಲಿಲ್ಲ. ಗುಬ್ಬಿ ಕಥೆ ಹೇಳುತ್ತಾ ಒಂದೊಂದೇ ಚಮಚ ಗಂಜಿ ಕುಡಿಸಿ ಅಭ್ಯಾಸ ಮಾಡಿಬಿಟ್ಟಿದ್ದಳು. ನಾನು ಕನ್ನಡಕದ ಅಂಗಡಿಯಲ್ಲಿ ಗಾಜು ಕೂರಿಸುವವಳು. ಮಧ್ಯಾಹ್ನ ಓಡಿ ಬಂದು, ತಿನ್ನಿಸಿ, ಓಡಿ ಹೋಗಬೇಕು. ನನ್ನ ಅವಸರದ ಕೈ ಕಂಡರೆ ಅಮ್ಮ ಜಪ್ಪಯ್ಯ ಅಂದರೂ ಬಾಯಿ ತೆರೆಯುತ್ತಿರಲಿಲ್ಲ. ಗಂಜಿಯೆಲ್ಲ ಸೀರೆಯ ಮೇಲೆ, ಕಣ್ಣೀರೆಲ್ಲ ನನ್ನ ಮುಖದ ಮೇಲೆ. ಎರಡೇ ದಿನಕ್ಕೆ ಸುಸ್ತಾಗಿ ಗುಬ್ಬಿಗೆ ಫೋನ್ ಮಾಡಿದೆ. ತೆರೆಯ ಮೇಲೆ ಅವಳ ಮುಖ ಕಂಡಿತೋ ಇಲ್ಲವೋ, ಅಮ್ಮನ ಬಾಯಿ ತೆರೆಯಿತು.

ಅಂದಿನಿಂದ ಅದೇ ವ್ಯವಸ್ಥೆ. ನೀರಿನ ಚೊಂಬಿಗೆ ಫೋನು ಒರಗಿಸುವುದು, ಅಲ್ಲಿಂದ ಗುಬ್ಬಿ ಕಥೆ ಹೇಳುವುದು, ಇಲ್ಲಿ ನಾನು ಚಮಚ ಎತ್ತುವುದು. ನಮ್ಮ ಮಧ್ಯಾಹ್ನ ಅಂದರೆ ಅವಳಿಗೆ ಇನ್ನೂ ಬೆಳಕು ಹರಿಯದ ಹೊತ್ತು. ಹಿಂದುಗಡೆ ರಟ್ಟಿನ ಪುಟ್ಟ ಮನೆಗಳು, ಬೆರಳ ತುಂಬಾ ಒಣಗಿದ ಅಂಟು. ದಿನವಿಡೀ ಜನರ ಕಣ್ಣು ನೋಡುವವಳು ನಾನು, ಅವಳ ಕಣ್ಣು ಕೆಂಡದಂತಾಗಿದ್ದು ಕಾಣದೇ ಇರುತ್ತದೆಯೇ? ಕಂಡಿತು. ಕಂಡೂ ಸುಮ್ಮನಿದ್ದೆ, ಅಮ್ಮ ತಿನ್ನುತ್ತಿದ್ದಳಲ್ಲ.

ಒಂದು ಸಂಜೆ ನಾನು ಅಂಗಡಿಯಲ್ಲಿದ್ದಾಗ ಅವಳೇ ಫೋನ್ ಮಾಡಿದಳು.

"ಚಿಕ್ಕಮ್ಮ, ಪಾಠದಲ್ಲಿ ಮತ್ತೆ ನಿದ್ದೆ ಮಾಡ್ಬಿಟ್ಟೆ. ರಟ್ಟಿನ ಮಾದರಿ ಅರ್ಧ ಕೂಡ ಆಗಿಲ್ಲ. ಹೀಗೇ ಆದ್ರೆ ಪಾಸ್ ಮಾಡಲ್ಲ ಅಂದ್ರು ಮೇಷ್ಟ್ರು. ಬಿಟ್ಟು ವಾಪಸ್ ಬಂದ್ಬಿಡ್ಲಾ?"

"ಬಾಯಿ ಮುಚ್ಚು. ಬಂದ್ರೆ ಕಾಲು ಮುರೀತೀನಿ. ನಾಳೆಯಿಂದ ಫೋನ್ ಮಾಡ್ಬೇಡ, ಮಲ್ಕೋ."

"ಅಜ್ಜಿ ಉಪವಾಸ ಇರ್ತಾಳೆ ಚಿಕ್ಕಮ್ಮ."

ಮನೆಗೆ ಬಂದವಳೇ ಅಮ್ಮನ ಮೇಲೆ ಹರಿಹಾಯ್ದೆ. "ನಿನ್ನ ಹಠಕ್ಕೆ ಆ ಹುಡುಗಿ ಓದು ಮಣ್ಣುಪಾಲಾಗ್ತಾ ಇದೆ, ಗೊತ್ತಾ? ನನ್ನ ಕೈಯಲ್ಲೇನು ವಿಷ ಇದೆಯಾ?" ಅಮ್ಮ ಗೋಡೆ ಕಡೆ ತಿರುಗಿಕೊಂಡಳು. ನನಗೂ ಸಾಕಾಗಿತ್ತು. ಅಡುಗೆಮನೆಯಲ್ಲಿ ನೆಲದ ಮೇಲೇ ಕೂತು ಅತ್ತೆ.

ಮರುದಿನ ಮಧ್ಯಾಹ್ನ ಬೇಡ ಅಂದರೂ ಗುಬ್ಬಿಯ ಫೋನು ಬಂದೇ ಬಂತು. ಕಥೆ ಶುರುವಾಯಿತು. ಕಾಗೆಯೊಂದು ಮನೆ ಕಟ್ಟಲು ಹೊರಟಿತ್ತು, ಬಾಗಿಲು ಎಲ್ಲಿಡಬೇಕು ಅಂತ ಯೋಚಿಸುತ್ತಿತ್ತು. ಬಾಗಿಲಿನ ಹತ್ತಿರ ಬರುವಷ್ಟರಲ್ಲಿ ಮಾತು ಎಳೆಯಿತು, ನಿಂತಿತು. ನೋಡಿದರೆ ಹುಡುಗಿ ಮೇಜಿನ ಮೇಲೆ ಕೆನ್ನೆಯಿಟ್ಟು ನಿದ್ದೆಹೋಗಿದ್ದಾಳೆ, ಬಾಯಿ ಅರ್ಧ ತೆರೆದಿದೆ.

ಚಮಚ ನನ್ನ ಕೈಯಲ್ಲೇ ಉಳಿಯಿತು. ಅಂಗಡಿಗೆ ಹೊತ್ತಾಗುತ್ತಿತ್ತು. "ಗುಬ್ಬೀ..." ಎಂದು ಕೂಗಲು ಬಾಯಿ ತೆರೆದೆ ಅಷ್ಟೇ, ಅಮ್ಮನ ಎಡಗೈ ಬಂದು ನನ್ನ ಮಣಿಕಟ್ಟು ಹಿಡಿಯಿತು.

"ಕೂಗ್ಬೇಡ," ಅಂದಳು ತೊದಲುತ್ತಾ. "ಮಗು ಮಲಗಿದೆ."

ಆಮೇಲೆ ತಾನಾಗಿ ಬಾಯಿ ತೆರೆದಳು. ಚಮಚ ಬಟ್ಟಲಿಗೆ ತಗಲಿ ಸದ್ದಾದರೆ ನನ್ನನ್ನೇ ದುರುಗುಟ್ಟಿ ನೋಡುತ್ತಾ, ಗಂಜಿ ಪೂರ್ತಿ ಮುಗಿಸಿದಳು. ಫೋನು ಆರಿಸಲು ಬಿಡಲಿಲ್ಲ. ಇಬ್ಬರೂ ಉಸಿರು ಬಿಗಿಹಿಡಿದು ಆ ಮುಖ ನೋಡುತ್ತಾ ಕೂತೆವು. ಅಂಗಡಿ ಹಾಳಾಗಿ ಹೋಗಲಿ ಅನ್ನಿಸಿತು.

ಅದರ ಮರುದಿನ ನಾನು ಅಭ್ಯಾಸಬಲದಿಂದ ಚೊಂಬು ತಂದಿಟ್ಟೆ. ಬಂದಾಗ ಹಾಸಿಗೆಯ ಮೇಲಿಟ್ಟಿದ್ದ ಫೋನು ಕಾಣಲಿಲ್ಲ. ಅಮ್ಮ ಅದನ್ನು ದಿಂಬಿನ ಕೆಳಗೆ ತಳ್ಳಿ, ಮೇಲೆ ತಲೆಯಿಟ್ಟು ಮಲಗಿದ್ದಳು.

"ಕಥೆ ಬೇಡ್ವಾ?" ಅಂದೆ. "ನಂಗೆ ಕಥೆ ಗಿಥೆ ಬರಲ್ಲ ಅಮ್ಮ."

"ಗೊತ್ತು," ಅಂದಳು. "ಬೈತಾ ತಿನ್ನಿಸು."

ಹುಟ್ಟಿದಾಗಿನಿಂದ ಬೈದುಕೊಂಡೇ ಬಂದವಳು ನಾನು. ಅಯ್ಯೋ, ಆ ಹೊತ್ತಿಗೆ ಒಂದೇ ಒಂದು ಬೈಗುಳ ಬಾಯಿಗೆ ಬರಬಾರದೇ! ಚಮಚಕ್ಕೆ ಗಂಜಿ ತುಂಬಿಕೊಂಡೆ. ಅಮ್ಮ ಬಾಯಿ ತೆರೆದು ಕಾಯುತ್ತಿದ್ದಳು.