ಕಮರಿಯಲ್ಲಿ ಬಿದ್ದ ಕರಡಿಗೆ

ಪ್ರಕೃತಿಯ ಎದುರು ನಿಂತಾಗ ಮನುಷ್ಯನಿಗೆ ತಾನೆಷ್ಟು ಅಲ್ಪನೆಂದು ತಿಳಿಯುತ್ತದಂತೆ. ನನ್ನ ಮಾವನವರಿಗೆ ಹಾಗೇನೂ ತಿಳಿಯಲಿಲ್ಲ. ನೀಲಗಿರಿಯ ಆ ಕಮರಿಯ ಅಂಚಿನಲ್ಲಿ ನಿಂತು, ಕೆಳಗೆ ದಾರದ ಹಾಗೆ ಕಾಣುತ್ತಿದ್ದ ಹಳ್ಳವನ್ನು ನೋಡಿ, "ಮೆಟ್ಟಿಲು ಕಟ್ಟಿಸೋ ಯೋಗ್ಯತೆ ಇಲ್ಲ ಇವರಿಗೆ" ಎಂದರು.

ಮಾವನವರು ದಾವಣಗೆರೆಯಲ್ಲಿ ಹೆಡ್‌ಮಾಸ್ಟರಾಗಿದ್ದು ನಿವೃತ್ತರಾದ ಮೇಲೆ ರಾಜಾಜಿನಗರದಲ್ಲಿ, ನಮ್ಮ ಮನೆಯಿಂದ ಎರಡು ರಸ್ತೆ ಆಚೆ ಇದ್ದರು. ಎಪ್ಪತ್ತರ ದಶಕದ ಒಂದು ಬೇಸಿಗೆ ರಜದಲ್ಲಿ ಅವರನ್ನೂ ಬೆಟ್ಟಕ್ಕೆ ಕರೆದುಕೊಂಡು ಹೋಗೋಣ ಎಂದಳು ನನ್ನ ಹೆಂಡತಿ. ಹೊರಡುವ ಹಿಂದಿನ ವಾರ ಮಾವನವರು ಎದೆಯ ಮೇಲಿನ ಕರಡಿಗೆಯನ್ನು, ಅಂದರೆ ಇಷ್ಟಲಿಂಗವಿಡುವ ಬೆಳ್ಳಿ ಡಬ್ಬಿಯನ್ನು, ಎತ್ತಿ ತೋರಿಸಿದರು. ಅದರ ಶಿವದಾರ ಸವೆದು ಎಳೆ ಬಿಟ್ಟಿತ್ತು.

"ಅಳಿಯಂದ್ರೇ, ಪೇಟೆ ಕಡೆ ಹೋದಾಗ ಹೊಸ ದಾರ ತರ್ರಿ."

ನಾನು ಪೇಟೆಗೆ ಮೂರು ಸಲ ಹೋದೆ. ಸ್ವೆಟರ್ ತಂದೆ, ಫ್ಲಾಸ್ಕ್ ತಂದೆ, ಕ್ಯಾಮೆರಾಕ್ಕೆ ರೀಲು ತಂದೆ. ದಾರವನ್ನು ಬೆಟ್ಟದಿಂದ ವಾಪಸು ಬಂದ ಮೇಲೆ ತಂದರಾಯಿತು ಅಂದುಕೊಂಡೆ. ನನ್ನ ಲಿಂಗವಂತೂ ಮನೆಯ ಬೀರುವಿನಲ್ಲಿ, ಮದುವೆ ಸೂಟಿನ ಪಕ್ಕ, ಅತ್ಯಂತ ಸುರಕ್ಷಿತವಾಗಿತ್ತು.

ಕಮರಿಗೆ ಇಳಿದದ್ದು ಒಂದು ಗಂಟೆ, ಹತ್ತಿದ್ದು ಎರಡು. ಹತ್ತುವಾಗ ಮಾವನವರು ಎರಡು ಸಲ ಲಂಟಾನ ಪೊದೆಗೆ ಒರಗಿ ಬಿದ್ದರು. ಕೈ ಹಿಡಿದು ಎಳೆದುಕೊಂಡೆ. ಮೇಲೆ ಬಂದಾಗ ಮಧ್ಯಾಹ್ನ ಎರಡು ದಾಟಿತ್ತು. ಆ ಬೆಟ್ಟಕ್ಕೆಲ್ಲ ಸಸ್ಯಾಹಾರಿ ಹೋಟೆಲು ಒಂದೇ. ಉಡುಪಿ ಕಡೆಯ ಮಾಲೀಕರನ್ನು ಮಾವನವರು ನಿಲ್ಲಿಸಿಕೊಂಡು ವಿಚಾರಣೆ ನಡೆಸಿದರು.

"ಮೊಟ್ಟೆ ಮಾಡ್ತೀರೇನು?"

"ಇಲ್ಲ ಸ್ವಾಮಿ."

"ಪಕ್ಕದ ಹೋಟ್ಲಾಗ ಮಾಡ್ತಾರಲ್ಲ?"

"ಅದಕ್ಕೆ ನಾನೇನು ಮಾಡ್ಲಿ ಸ್ವಾಮಿ?"

ಉತ್ತರ ತೃಪ್ತಿಕರವೆನಿಸಿತು. ಕೂತರು. ಸಕ್ಕರೆ ಕಾಯಿಲೆಯ ಮಾತ್ರೆ ನುಂಗಿದರು. ನುಂಗಿದ ಮೇಲೆ ಉಣ್ಣದೆ ಇರಬಾರದು ಎಂದು ಡಾಕ್ಟರ್ ಹೇಳಿದ್ದರು. ಎಲೆ ಬಂತು, ಅನ್ನ ಬಂತು, ಹುಳಿ ಬಂತು. ಮೊದಲು ಲಿಂಗಕ್ಕೆ ತೋರಿಸಲೆಂದು ಮಾವನವರು ಎದೆಗೆ ಕೈ ಹಾಕಿದರು. ಕೈ ಅಲ್ಲೇ ನಿಂತಿತು.

ಕರಡಿಗೆ ಇರಲಿಲ್ಲ.

"ಅಪ್ಪಾಜಿ, ಮಾತ್ರೆ ತಗೊಂಡಿದೀರ. ಎರಡು ತುತ್ತು ತಿನ್ನಿ, ಆಮೇಲೆ ಹುಡುಕೋಣ" ಎಂದಳು ನನ್ನ ಹೆಂಡತಿ.

"ಲಿಂಗ ಇಲ್ಲದ ಮೈಯಿಗೆ ಊಟ ಎಂಥದು?" ಎಲೆಯನ್ನು ಮೆಲ್ಲಗೆ ಆಚೆ ಸರಿಸಿದರು. ಆಮೇಲೆ ನನ್ನ ಕಡೆ ನೋಡಿ, "ನಿಮ್ಮದು ಸುಖವಾಗಿರಬೇಕಲ್ಲ ಅಳಿಯಂದ್ರೇ, ಬೀರುವಿನಾಗ?"

ನಾನು ಓಡಿದೆ. ಕಮರಿಗೆ ಇಳಿದು, ಅವರು ಬಿದ್ದಿದ್ದ ಪೊದೆಗಳಲ್ಲಿ ಕೈ ಪರಚಿಕೊಂಡು ಹುಡುಕಿದೆ. ಎರಡನೆಯ ಪೊದೆಯ ಬುಡದಲ್ಲಿ ಕರಡಿಗೆ ಸಿಕ್ಕಿತು. ಮುಚ್ಚಳ ಭದ್ರವಾಗಿತ್ತು, ಲಿಂಗ ಒಳಗೇ ಇತ್ತು. ದಾರ ಮಾತ್ರ, ಸವೆದಿದ್ದ ಜಾಗದಲ್ಲೇ ಸರಿಯಾಗಿ ಹರಿದಿತ್ತು. ತುದಿಗಳಿಗೆ ಗಂಟು ಹಾಕಿ, ಎದೆ ಒಡೆಯುವ ಹಾಗೆ ಹತ್ತಿ ಬಂದೆ. ಹೋಗಿ ಬರುವುದಕ್ಕೆ ಒಂದೂವರೆ ಗಂಟೆ ಹಿಡಿಯಿತು.

ಹೋಟೆಲಿನಲ್ಲಿ ಮಾವನವರನ್ನು ಬೆಂಚಿನ ಮೇಲೆ ಮಲಗಿಸಿದ್ದರು. ಬೆವರಿ, ಮಾತು ತೊದಲಿ, ಕಣ್ಣು ಮೇಲೆ ಮಾಡಿದ್ದರಂತೆ. ನನ್ನ ಹೆಂಡತಿ ಹಲ್ಲಿನ ಸಂದಿಯಿಂದ ಸ್ವಲ್ಪ ಸ್ವಲ್ಪವಾಗಿ ಸಕ್ಕರೆ ನೀರು ಬಿಟ್ಟಿದ್ದಳು. ಬದುಕಿಸಿದ್ದಳು. ನಾನು ಒಳಗೆ ಹೋಗುವಾಗ ಅವರು ಕಣ್ಣು ಬಿಡುತ್ತಿದ್ದರು.

"ಏನು ಕುಡಿಸಿದೆ?"

"ನೀರು, ಅಪ್ಪಾಜಿ."

ಅವರು ತುಟಿಯ ಮೇಲಿನ ಸಿಹಿಯನ್ನು ನಾಲಗೆಯಿಂದ ಸವರಿಕೊಂಡರು. ಮಗಳ ಮುಖವನ್ನು ಸ್ವಲ್ಪ ಹೊತ್ತು ನೋಡಿದರು.

ನಾನು ಕರಡಿಗೆ ಕೊಟ್ಟೆ. ಕಣ್ಣಿಗೆ ಒತ್ತಿಕೊಂಡರು. ನಾನು ಹಾಕಿದ್ದ ಗಂಟನ್ನು ಬಿಚ್ಚಿ, ಬೇರೆ ಗಂಟು ತಾವೇ ಹಾಕಿ, ಕಟ್ಟಿಕೊಂಡರು. ಮಾಲೀಕರು ಹೊಸ ಎಲೆ ಹಾಕಿಸಿದರು. ಮೊಸರನ್ನ ಉಂಡು, "ಅಡಿಗೆ ಚೆನ್ನಾಗಿದೆ" ಎಂದು ಮಾಲೀಕರಿಗೆ ಹೇಳಿದರು.

ಊರಿಗೆ ಬಂದ ಮಾರನೆಯ ದಿನವೇ ನಾನು ಪೇಟೆಗೆ ಹೋಗಿ ಆರು ಶಿವದಾರ ತಂದುಕೊಟ್ಟೆ. ತೆಗೆದುಕೊಂಡು ಗೂಡಿನಲ್ಲಿಟ್ಟರು.

ಮಾವನವರು ಆಮೇಲೆ ಏಳು ವರ್ಷ ಬದುಕಿದ್ದರು. ನಮ್ಮ ಮನೆಯಲ್ಲಿ ಮತ್ತೆ ಯಾವತ್ತೂ ಊಟ ಮಾಡಲಿಲ್ಲ.